ನಡುವಿನ ಕುರ್ಚಿಯ ಕಾರ್ಣಿಕ

ಐವತ್ತು ದಾಟಿದ ನೌಕರನನ್ನು ತರಬೇತಿಗೆ ಕಳಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಎಲ್ಲಿ ಕಲಿತು ಬಂದುಬಿಡುತ್ತಾನೋ ಎಂಬ ಹೆದರಿಕೆಯಿಂದ ಈ ಮಾತು ಹೇಳುತ್ತಿಲ್ಲ. ಹೋದವನು ಹೋದ ಹಾಗೆಯೇ ಬರುತ್ತಾನೆ. ಆದರೆ ಕಲಿತಿದ್ದೇನೆ ಅಂದುಕೊಂಡು ಬರುತ್ತಾನೆ, ಅಪಾಯ ಇರುವುದು ಅಲ್ಲಿ. ನಮ್ಮ ಬೆನಕಪ್ಪ ಎರಡು ಸಾವಿರದ ಒಂದನೇ ಇಸವಿಯಲ್ಲಿ ಮೈಸೂರಿಗೆ ಹೋಗಿ ಹದಿನೈದು ದಿನ ಇದ್ದು ಬಂದದ್ದೇ ಇಷ್ಟಕ್ಕೆಲ್ಲ ಮೂಲವಾಯಿತು.

ಆಗ ಹಡಗಲಿಯಲ್ಲಿ ಒಂದು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿತ್ತು. ಯಾವ ವಿಶ್ವವಿದ್ಯಾಲಯ ಎಂದು ಹೇಳುವುದಿಲ್ಲ, ನನಗೆ ಇನ್ನೂ ಪಿಂಚಣಿ ಬರುತ್ತಿದೆ. ಹಳೆಯ ಶೇಂಗಾ ಗೋದಾಮನ್ನು ಬಾಡಿಗೆಗೆ ಹಿಡಿದು ಅರ್ಧದಲ್ಲಿ ಎಂ.ಎ., ಎಂ.ಕಾಂ. ತರಗತಿ, ಉಳಿದರ್ಧದಲ್ಲಿ ಆಡಳಿತ ನಡೆಸುತ್ತಿದ್ದರು. ಆಡಳಿತದ ಹಾಲ್‌ನಲ್ಲಿ ನಾನು ಲೆಕ್ಕಪತ್ರ ವಿಭಾಗದವನು, ಕಿಟಕಿಯ ಪಕ್ಕ. ಬೆನಕಪ್ಪ ಸಿಬ್ಬಂದಿ ವಿಭಾಗದ ಸೂಪರಿಂಟೆಂಡೆಂಟ್, ಬಾಗಿಲಿನ ಎದುರು. ಯಾರನ್ನು ನೇಮಿಸಬೇಕು, ಯಾರಿಗೆ ರಜೆ, ಯಾವ ಹುದ್ದೆ ಯಾವ ವರ್ಗಕ್ಕೆ ಮೀಸಲು, ಎಲ್ಲವೂ ಅವನ ಮೇಜಿನ ಮೇಲೆ ಹಾದು ಹೋಗುತ್ತಿತ್ತು. ಹಾದು ಹೋಗುತ್ತಿತ್ತು ಎಂದೆ, ಅವನು ಅದನ್ನು ನೋಡುತ್ತಿದ್ದ ಎಂದು ಹೇಳಲಿಲ್ಲ. ಇಟ್ಟಿಗಿ ಊರಿನ ಸಾತ್ವಿಕ ಮನುಷ್ಯ. ಕನ್ನಡಕ ಹಣೆಯ ಮೇಲಿಟ್ಟುಕೊಂಡು ಕನ್ನಡಕಕ್ಕಾಗಿ ಕಪಾಟು ಹುಡುಕುತ್ತಿದ್ದ. ರಜೆ ಕೇಳಿದವನಿಗೆ ವರ್ಗಾವಣೆ, ವರ್ಗಾವಣೆ ಕೇಳಿದವನಿಗೆ ರಜೆ ಬರೆದು, ಇಬ್ಬರಿಗೂ ಕೈಮುಗಿದು ಸರಿಮಾಡಿಕೊಡುತ್ತಿದ್ದ. ಯಾರಿಗೂ ಕೇಡು ಬಯಸಿದವನಲ್ಲ. ಯಾರಿಗೂ ಇಲ್ಲ ಎಂದವನೂ ಅಲ್ಲ, ಅದೇ ಅವನ ಕಷ್ಟ.

ಮೈಸೂರಿನಿಂದ ಬಂದವನು ಬಗಲಲ್ಲಿ ಒಂದು ಬೋರ್ಡು ಹಿಡಿದುಕೊಂಡು ಬಂದ. ನೀಲಿ ಬಣ್ಣದ ಮೇಲೆ ಬಿಳಿ ಅಕ್ಷರದಲ್ಲಿ ‘ಮಾನವ ಸಂಪನ್ಮೂಲ ವಿಭಾಗ’ ಎಂದು ಬರೆಸಿದ್ದ. ಸಿಬ್ಬಂದಿ ವಿಭಾಗ ಎಂಬುದು ಬ್ರಿಟಿಷರ ಕಾಲದ ಹೆಸರಂತೆ. ಈಗ ನೌಕರ ಅಂದರೆ ನೌಕರನಲ್ಲ, ಸಂಪನ್ಮೂಲ. ನಮ್ಮ ಜವಾನ ಗಾದೆಪ್ಪ, ತಾನು ಸಂಪನ್ಮೂಲವಾದ ಮೇಲೂ ಚಹಾ ತರಬೇಕೋ ಬೇಡವೋ ಎಂದು ವಿನಯದಿಂದ ಕೇಳಿದ. ತರಬೇಕು ಎಂದು ತಿಳಿದ ಮೇಲೆ ಅವನಿಗೆ ಹೊಸ ಹೆಸರಿನಲ್ಲಿ ಆಸಕ್ತಿ ಉಳಿಯಲಿಲ್ಲ. ಆಸಕ್ತಿ ತೋರಿಸಿದವಳು ಕಸ ಗುಡಿಸುವ ಮಾರೆಮ್ಮ ಒಬ್ಬಳೇ. ಅವಳು ಕೇಂದ್ರ ಶುರುವಾದಾಗಿನಿಂದ ದಿನಗೂಲಿಯ ಮೇಲೆ ಇದ್ದವಳು. ಅವಳ ಮಗಳು ಪ್ರಿಯಾ ಬಿ.ಕಾಂ. ಮುಗಿಸಿ, ಸೀನಿಯರ್ ಟೈಪಿಂಗ್ ಪಾಸಾಗಿ, ದಾವಣಗೆರೆಯ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ದುಡಿಯುತ್ತಿದ್ದಳು. ನಮ್ಮಲ್ಲಿ ಗುಮಾಸ್ತೆಯ ಕೆಲಸಕ್ಕೆ ಅರ್ಜಿಯನ್ನೂ ಕೊಟ್ಟಿದ್ದಳು. ಬೋರ್ಡಿನ ಹುರುಪಿನಲ್ಲಿದ್ದ ಬೆನಕಪ್ಪ ಅವತ್ತು ಮಾರೆಮ್ಮನಿಗೆ ಒಂದು ಮಾತು ಕೊಟ್ಟುಬಿಟ್ಟ.

“ಇನ್ನ ಮ್ಯಾಲ ಹಳೇದೆಲ್ಲ ನಡಿಯಂಗಿಲ್ಲ ಮಾರೆಮ್ಮ. ನಿನ್ನ ಮಗಳ ಅರ್ಜಿ ನಾನ ಕೈಲೆ ಹಿಡಕಂಡು ಸಾಹೇಬ್ರ ಮುಂದ ಇಡ್ತೀನಿ.”

ಮಾರೆಮ್ಮ ಕಸಬರಿಗೆಯನ್ನು ಗೋಡೆಗೆ ಒರಗಿಸಿ ಕೈಮುಗಿದಳು. ಬೆನಕಪ್ಪನಿಗೆ ಜೀವನದಲ್ಲಿ ಅಷ್ಟು ಸಂತೋಷ ಯಾವಾಗಲೂ ಆಗಿರಲಿಲ್ಲವೆಂದು ತೋರುತ್ತದೆ, ಏಕೆಂದರೆ ಬೋರ್ಡನ್ನು ತಾನೇ ತೂಗುಹಾಕುತ್ತೇನೆ ಎಂದು ಹೊರಟ.

ಮೇಜಿನ ಮೇಲೆ ಸ್ಟೂಲ್ ಇಟ್ಟು, ಸ್ಟೂಲಿನ ಮೇಲೆ ಬೆನಕಪ್ಪ ಏರಿದ. ಪ್ರವೇಶದ ದಿನಗಳಾದ್ದರಿಂದ ಹಾಲ್ ತುಂಬ ಜನ. ಬಳ್ಳಾರಿಯ ಕಡೆಯವರು, ಹರಪನಹಳ್ಳಿಯವರು, ಕೊಟ್ಟೂರಿನವರು, ಎಲ್ಲರೂ ಏಕಕಾಲಕ್ಕೆ ಮಾತಾಡುತ್ತಿದ್ದರು. ಮೊಳೆ ಕೊಡು ಎಂದು ಬೆನಕಪ್ಪ ಕೂಗಿದ್ದು ಯಾರಿಗೂ ಕೇಳಲಿಲ್ಲ. ಅವನಿಗೆ ರೇಗಿತು. ಸುತ್ತಿಗೆ ಹಿಡಿದ ಕೈಯನ್ನು ಮೇಲೆತ್ತಿ “ಸದ್ದಲೇ” ಎಂದ.

ಬೇರೆ ಸೀಮೆಯಲ್ಲಾಗಿದ್ದರೆ ಜನ ತಿರುಗಿ ನೋಡಿ ಮತ್ತೆ ಮಾತಿಗೆ ಇಳಿಯುತ್ತಿದ್ದರು. ನಮ್ಮ ತಾಲ್ಲೂಕಿನಲ್ಲಿ ಹಾಗಾಗುವುದಿಲ್ಲ. ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಎತ್ತರದ ಬಿಲ್ಲೇರಿ ನಿಂತು “ಸದ್ದಲೇ” ಎಂದರೆ ಲಕ್ಷ ಮಂದಿ ಉಸಿರು ಬಿಗಿಹಿಡಿಯುತ್ತಾರೆ. ಅವನು ಒಂದೇ ಸಾಲು ನುಡಿದು ಮೇಲಿನಿಂದ ಬೀಳುತ್ತಾನೆ, ಕೆಳಗಿದ್ದವರು ಕಂಬಳಿಯಲ್ಲಿ ಹಿಡಿಯುತ್ತಾರೆ. ಆ ಸಾಲಿಗೆ ಕಾರ್ಣಿಕ ಎನ್ನುತ್ತಾರೆ. ಅದು ಸುಳ್ಳಾಗುವುದಿಲ್ಲ ಎಂದು ನಮ್ಮ ನಂಬಿಕೆ. ತಾಯಿಯ ಬೆನ್ನಿಗೆ ಕಟ್ಟಿಸಿಕೊಂಡಾಗಿನಿಂದ ಆ ಕೂಗು ಕೇಳಿದ ಜನ ನಾವು. ಹಾಲ್‌ನಲ್ಲಿದ್ದ ಪ್ರತಿಯೊಬ್ಬನ ಬಾಯಿಯೂ ತಾನಾಗಿಯೇ ಮುಚ್ಚಿತು. ಅರ್ಜಿಯ ಕಾಗದ ಸಹ ಅಲುಗಾಡಲಿಲ್ಲ.

ಆ ಮೌನದಲ್ಲಿ ಬೆನಕಪ್ಪ ಮೊಳೆ ಕೇಳಬೇಕಾಗಿತ್ತು. ಕೇಳಲಿಲ್ಲ. ಕಣ್ಣು ಒಂದೇ ಕಡೆ ನೆಟ್ಟವು. ಆಮೇಲೆ ಬಂದ ಧ್ವನಿ ಅವನದಲ್ಲ. ಅವನಿದ್ದ ಹಾಲ್‌ನಲ್ಲಿ ಹನ್ನೆರಡು ವರ್ಷ ಕುಳಿತ ನಾನು ಹೇಳುತ್ತೇನೆ, ಅದು ಅವನದಲ್ಲ.

“ನಡುವಿನ ಕುರ್ಚಿಯಾವ ಎದ್ದಾನಲೇ ಪರಾಕ್.”

ಹಾಗೆಂದವನೇ ಅಂಗಾತ ಬಿದ್ದ. ಗಾದೆಪ್ಪ ಮೈಲಾರದವನು. ಅವರ ಮನೆತನದವರು ಕಂಬಳಿ ಹಿಡಿಯುವವರು. ಅವನ ಕೈಯಲ್ಲಿ ಆ ಹೊತ್ತಿಗೆ ಒಗೆಯಲು ಬಿಚ್ಚಿದ ಬಾಗಿಲ ಪರದೆ ಇತ್ತು. ಅದರ ಇನ್ನೊಂದು ತುದಿಯನ್ನು ನನ್ನ ಕೈಗೆ ಯಾವಾಗ ಕೊಟ್ಟನೋ ನನಗೆ ಗೊತ್ತಿಲ್ಲ. ಬೆನಕಪ್ಪ ಬಂದು ಪರದೆಯಲ್ಲಿ ಬಿದ್ದ. ಕಣ್ಣು ಬಿಟ್ಟು, ಮೊಳೆ ಎಲ್ಲಿ ಎಂದು ಕೇಳಿದ. ಏನು ನುಡಿದೆನೆಂದು ಅವನಿಗೆ ನೆನಪೇ ಇರಲಿಲ್ಲ.

ನಡುವಿನ ಕುರ್ಚಿ ರಾಮಣ್ಣನದು. ಕೊಟ್ಟೂರಿನ ಒಂದು ಕಾಲೇಜಿನಿಂದ ಆರು ತಿಂಗಳಿಗೆಂದು ನಿಯೋಜನೆಯ ಮೇಲೆ ಬಂದು, ಕೇಂದ್ರ ಶುರುವಾದಾಗಿನಿಂದ ಅಲ್ಲೇ ಕುಳಿತ ಗುಮಾಸ್ತ. ಕುರ್ಚಿಯ ಬೆತ್ತ ಅವನ ಮೈಯ ಅಳತೆಗೆ ತಗ್ಗಾಗಿತ್ತು. ಎಲ್ಲರೂ ಅವನ ಕಡೆ ನೋಡಿದಾಗ ಅವನು ಹೊಟ್ಟೆ ಕುಲುಕಿಸಿ ನಕ್ಕು, ತನ್ನನ್ನು ಎಬ್ಬಿಸುವ ಕಾರ್ಣಿಕ ಇನ್ನೂ ಹುಟ್ಟಿಲ್ಲವೆಂದು ಎಲೆಯಡಿಕೆ ಹಾಕಿಕೊಂಡ.

ಮಾರನೆಯ ದಿನ ರಾಮಣ್ಣ ಕುರ್ಚಿಯಲ್ಲಿ ಕುಳಿತವನು ಥಟ್ಟನೆ ಎದ್ದು, ಕೆಳಗೆ ನೋಡಿ, ಮತ್ತೆ ಕುಳಿತ. ಅದರ ಮಾರನೆಯ ದಿನ ತುದಿಯಲ್ಲಿ ಕುಳಿತ. ವಾರದ ಹೊತ್ತಿಗೆ ನಿಂತುಕೊಂಡೇ ಬರೆಯತೊಡಗಿದ. ಮೂಲವ್ಯಾಧಿ ಇರಬೇಕೆಂದು ನಾವು ಒಳ್ಳೆಯ ಮನಸ್ಸಿನಿಂದಲೇ ಔಷಧಿಗಳನ್ನು ಸೂಚಿಸಿದೆವು. ಅವನು ನನ್ನನ್ನು ನೀರಿನ ಹೂಜಿಯ ಹತ್ತಿರ ಕರೆದ.

“ಮೂಲವ್ಯಾಧಿ ಅಲ್ಲೋ ಮಾರಾಯ. ಕುಂತ್ರ ಯಾರದೋ ತೊಡಿ ಮ್ಯಾಲ ಕುಂತಂಗಾಗ್ತತಿ.”

ನಾನು ನಕ್ಕೆ. ಅವನು ನಗಲಿಲ್ಲ. ಆ ವಾರವೇ ನಿಯೋಜನೆ ರದ್ದು ಮಾಡಿಸಿಕೊಂಡು ಕೊಟ್ಟೂರಿಗೆ ಹೊರಟುಹೋದ. ಅವನನ್ನು ಅಲ್ಲಿಂದ ಕದಲಿಸಲು ಮೂರು ಜನ ಕುಲಸಚಿವರಿಂದ ಆಗಿರಲಿಲ್ಲ. ಬೀಳ್ಕೊಡುಗೆಯ ಮಿರ್ಚಿ ಮಂಡಕ್ಕಿಯನ್ನೂ ಅವನು ಬಾಗಿಲ ಹೊರಗೆ ನಿಂತೇ ತಿಂದ.

ಸುದ್ದಿಗೆ ಕಾಲು ಬಂದವು. ವರ್ಗಾವಣೆ ಬೇಕಾದ ಮೇಷ್ಟ್ರುಗಳು ಕೂಡ್ಲಿಗಿಯಿಂದ, ಹಗರಿಬೊಮ್ಮನಹಳ್ಳಿಯಿಂದ ತೆಂಗಿನಕಾಯಿ ಹಿಡಿದು ಬರತೊಡಗಿದರು. ಹಲವಾಗಲಿನಿಂದ ಬಂದ ಒಬ್ಬ ಹೆಡ್‌ಮಾಸ್ಟರು ತಮ್ಮ ಮೇಲಧಿಕಾರಿಯ ಫೋಟೋ ತಂದಿದ್ದರು, ಈ ಕುರ್ಚಿಯನ್ನೂ ಒಂದು ಮಾತು ನೋಡಿರಿ ಎಂದು. ಬೆನಕಪ್ಪ ಹೆದರಿಹೋದ. ನೆಲಕ್ಕಿಂತ ಎತ್ತರವಾದ ಯಾವುದರ ಮೇಲೂ ಕಾಲಿಡುವುದನ್ನೇ ಬಿಟ್ಟ. ಬಸ್ಸಿನ ಮೆಟ್ಟಿಲು ಏರುವಾಗ ಬಾಯಿಗೆ ಕರ್ಚೀಪು ತುರುಕಿಕೊಳ್ಳುತ್ತಿದ್ದ. ಬಿಡದವರು ಅವನ ಹೆಂಡತಿ ಶಿವಬಸಮ್ಮ. ಕಾರ್ಣಿಕವಾಗಲಿ ಏನೇ ಆಗಲಿ, ಅಟ್ಟದ ಮೇಲಿನ ಉಪ್ಪಿನಕಾಯಿಯ ಭರಣಿ ಇಳಿಸುವವರು ಯಾರು ಎಂದು ಆಕೆ ಕೇಳಿದರು. ಭಾನುವಾರ ಬೆಳಿಗ್ಗೆ ಬೆನಕಪ್ಪ ಅಡುಗೆಮನೆಯಲ್ಲಿ ಸ್ಟೂಲ್ ಏರುತ್ತಿದ್ದಾನೆ ಎಂದು ಗೊತ್ತಾದದ್ದೇ ತಡ, ಓಣಿಯ ಹೆಂಗಸರು ಅರಿವೆ ಹಿಂಡುತ್ತಿದ್ದವರು ಹಾಗೇ ಬಂದು ಕಿಟಕಿಗೆ ಮುತ್ತಿದರು. ನಾಗಕ್ಕ ಎಂಬ ಪಕ್ಕದ ಮನೆಯ ಮುದುಕಿ ಅಳುವ ಮೊಮ್ಮಗನ ಬಾಯಿ ಮುಚ್ಚಿ ಹಿಡಿದಳು. ಬೆನಕಪ್ಪ ಭರಣಿಯಲ್ಲಿ ಇಣುಕಿ, ಉಪ್ಪಿನಕಾಯಿ ಮುಗಿದಿದೆ ಎಂದ. ಅಷ್ಟೇ ಅಂದದ್ದು. ಸಂಜೆಯೊಳಗೆ ಹಡಗಲಿಯ ಅಂಗಡಿಗಳಲ್ಲಿ ಒಂದು ಬಾಟಲಿ ಉಪ್ಪಿನಕಾಯಿ ಉಳಿಯಲಿಲ್ಲ.

ನಮ್ಮ ಕೇಂದ್ರದ ವಿಶೇಷಾಧಿಕಾರಿಗಳು ಪ್ರೊಫೆಸರ್ ಅರುಣಕುಮಾರ್. ದಾವಣಗೆರೆ ಕಡೆಯವರು, ಅರ್ಥಶಾಸ್ತ್ರದವರು, ವಿಚಾರವಂತರು ಎಂದು ತಾವೇ ಹೇಳುತ್ತಿದ್ದರು. ಅವರು ಈ ಎಲ್ಲವನ್ನೂ ಮೂಢನಂಬಿಕೆ ಎಂದು ಸುತ್ತೋಲೆ ಹೊರಡಿಸಿದರು. ಮರುದಿನವೇ ತಮ್ಮ ಅಣ್ಣನ ಮಗಳು ಅಮೃತಾಳನ್ನು ಕರೆತಂದು, ತಾತ್ಕಾಲಿಕ ಎಂದು ಹೇಳಿ, ನಡುವಿನ ಕುರ್ಚಿಯಲ್ಲಿ ಕೂರಿಸಿದರು. ಹುಡುಗಿ ಒಳ್ಳೆಯವಳು. ಕುಳಿತಳು, ಎದ್ದಳು, ಕುರ್ಚಿಗೆ “ಸಾರಿ” ಎಂದು ಹೇಳಿದಳು. ಆಮೇಲೆ ಹೋಗಿ ಗೋಡೆಗೆ ಬೆನ್ನು ಹಚ್ಚಿ ನಿಂತಳು. ಸಾಹೇಬರು ಕುರ್ಚಿಯ ದೋಷವೆಂದು ಅದನ್ನು ಹಿಂದಿನ ಕೋಣೆಗೆ ಹಾಕಿಸಿ ಹೊಸ ಉಕ್ಕಿನ ಕುರ್ಚಿ ತರಿಸಿದರು. ಅಮೃತಾ ಅದಕ್ಕೂ “ಸಾರಿ” ಎಂದಳು. ಆಗ ಸಾಹೇಬರು ವೈಜ್ಞಾನಿಕ ಮನೋಭಾವ ಎಂದರೇನೆಂದು ನಮಗೆಲ್ಲ ತೋರಿಸಲು ತಾವೇ ಪ್ಯಾಂಟು ಎತ್ತಿಕೊಂಡು ಕುಳಿತರು.

ನಾವು ನೋಡುತ್ತಿದ್ದೆವು. ಮೊದಲು ಅವರ ಮುಖದ ಮೇಲೆ ನಗುವಿತ್ತು. ನಗು ಹಾಗೇ ಇತ್ತು, ಅದರ ಹಿಂದಿದ್ದ ಮನುಷ್ಯ ಮಾತ್ರ ಎಲ್ಲಿಗೋ ಹೋದ ಹಾಗಾಯಿತು. ಅವರು ಮೆಲ್ಲಗೆ ಎದ್ದು, ಕಾಲು ಜೋಮು ಹಿಡಿಯಿತು ಎಂದು ಹೇಳಿ ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಮಧ್ಯಾಹ್ನ ನಾನು ಸಹಿಗೆ ಹೋದಾಗಲೂ ನಿಂತೇ ಇದ್ದರು.

ಈ ಕುರ್ಚಿಯ ವಿಷಯವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಆ ಹುದ್ದೆ ಪರಿಶಿಷ್ಟ ಜಾತಿಗೆ ಮೀಸಲಾದದ್ದು. ಪ್ರಿಯಾ ಅರ್ಜಿ ಹಾಕಿದ್ದೂ ಇದಕ್ಕೇ. ಮಂಜೂರಾದಾಗಿನಿಂದ ಒಮ್ಮೆಯೂ ತುಂಬದೆ ಬ್ಯಾಕ್‌ಲಾಗ್ ಆಗಿ ಉಳಿದಿತ್ತು. ತುಂಬಲಿಲ್ಲ ಎಂದರೆ ಜನ ಬರಲಿಲ್ಲವೆಂದಲ್ಲ. ಪ್ರಕಟಣೆ ಹೊರಟಾಗಲೆಲ್ಲ ಬರುತ್ತಿದ್ದರು. ಬೆಳಿಗ್ಗೆ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ಪ್ರಮಾಣಪತ್ರಗಳ ಫೈಲನ್ನು ತೊಡೆಯ ಮೇಲಿಟ್ಟುಕೊಂಡು ವರಾಂಡದ ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದರು. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದು ಮಧ್ಯಾಹ್ನ ಹೇಳುತ್ತಿದ್ದೆವು. ಕಾಗದ ಹಾಕುತ್ತೇವೆ ಎಂದು ಸಂಜೆ ಹೇಳುತ್ತಿದ್ದೆವು. ಅವರು ಹೋದ ಮೇಲೆ ‘ಅರ್ಹ ಅಭ್ಯರ್ಥಿ ಲಭ್ಯವಿಲ್ಲ’ ಎಂದು ಬೆನಕಪ್ಪ ಟಿಪ್ಪಣಿ ಬರೆಯುತ್ತಿದ್ದ. ಆಗಿನ ಸಾಹೇಬರು ಸಹಿ ಹಾಕುತ್ತಿದ್ದರು, ರಾಮಣ್ಣನ ನಿಯೋಜನೆ ಇನ್ನಾರು ತಿಂಗಳು ಮುಂದುವರಿಯುತ್ತಿತ್ತು. ಇದರಲ್ಲಿ ಯಾರಿಗೂ ಯಾರ ಮೇಲೂ ದ್ವೇಷವಿರಲಿಲ್ಲ. ಆಡಳಿತ ಎಂದರೆ ಹಾಗೇ ಎಂದು ನಾವೆಲ್ಲ ತಿಳಿದಿದ್ದೆವು.

ಈಗ ವಿಶ್ವವಿದ್ಯಾಲಯದಿಂದ ತಪಾಸಣೆಯ ತಂಡ ಬರುವುದಿತ್ತು. ಅಷ್ಟರೊಳಗೆ ಕುರ್ಚಿಯಲ್ಲಿ ಯಾರಾದರೂ ಇರಬೇಕು. ಆ ಯಾರಾದರೂ ಅಮೃತಾ ಆಗಿರಬೇಕೆಂದು ಸಾಹೇಬರಿಗೆ ಅಣ್ಣನ ಒತ್ತಾಯ. ಅಮೃತಾ ಮಾತ್ರ, ಬೆನಕಪ್ಪ ಕಾಕಾ ಮೇಲೆ ಏರಿ ನನ್ನ ಹೆಸರು ನುಡಿದರಷ್ಟೇ ಕೂರುತ್ತೇನೆ ಎಂದು ಹಟ ಹಿಡಿದಳು. ಹೀಗಾಗಿ ವಿಚಾರವಂತರಾದ ಪ್ರೊಫೆಸರ್ ಅರುಣಕುಮಾರ್ ಬೆನಕಪ್ಪನನ್ನು ಒಳಗೆ ಕರೆದರು. ಫೈಲು ಹಿಡಿದುಕೊಂಡು ನಾನೂ ಅಲ್ಲೇ ಇದ್ದೆ.

ತಾವು ಇದನ್ನೆಲ್ಲ ನಂಬುವುದಿಲ್ಲ, ಸಿಬ್ಬಂದಿಯ ಮನೋಬಲಕ್ಕಾಗಿ ಮಾಡುತ್ತಿದ್ದೇವೆ ಎಂದು ಅವರು ಮೊದಲೇ ಸ್ಪಷ್ಟಪಡಿಸಿದರು. ಶುಕ್ರವಾರ ಮೂರು ಗಂಟೆಗೆ ಎಲ್ಲರ ಎದುರು ಬೆನಕಪ್ಪ ಸ್ಟೂಲ್ ಏರಬೇಕು. ‘ಅಮೃತಾ ಕುಂತಾಳಲೇ ಪರಾಕ್’ ಎನ್ನಬೇಕು. ಕೆಳಗಿಳಿದು ಎಂದಿನ ಟಿಪ್ಪಣಿ ಬರೆಯಬೇಕು.

ಬೆನಕಪ್ಪ ಕನ್ನಡಕ ತೆಗೆದು ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದ. “ಸಾರ್, ಮಾರೆಮ್ಮನ ಮಗಳದ್ದು ಅರ್ಜಿ ಐತ್ರಿ. ಪಾಸಾಗ್ಯಾಳ್ರಿ ಎಲ್ಲಾದ್ರಾಗೂ.”

“ಅರ್ಜಿ ಇರ್ಲಿ ಬಿಡ್ರಿ. ನಿಮಗೆ ಇನ್ನು ನಾಲ್ಕು ವರ್ಷ ಸರ್ವೀಸ್ ಐತೆ ಅಲ್ವ? ಬೀದರ್ ಕಡೆ ಭಾಳ ಬಿಸಿಲಂತೆ.”

ನಮ್ಮ ವಿಶ್ವವಿದ್ಯಾಲಯಕ್ಕೆ ಬೀದರಿನಲ್ಲಿ ಶಾಖೆಯೇ ಇರಲಿಲ್ಲ. ಆದರೂ ಬೆನಕಪ್ಪ ಆಗಲಿ ಸಾರ್ ಎಂದ. ಹೊರಗೆ ಬಂದಾಗ ಮಾರೆಮ್ಮ ವರಾಂಡ ಗುಡಿಸುತ್ತಿದ್ದಳು. ದಾವಣಗೆರೆಯಲ್ಲಿ ಮಗಳಿಗೆ ಮಲೇರಿಯಾ ಆಗಿ ಆಸ್ಪತ್ರೆಗೆ ಸೇರಿಸಿದ್ದಾರಂತೆ, ತಾನು ಶುಕ್ರವಾರ ಕೆಲಸಕ್ಕೆ ಬರುವುದಿಲ್ಲ ಎಂದು ಹೇಳಿದಳು. ಅರ್ಜಿಯ ಬಗ್ಗೆ ಏನೂ ಕೇಳಲಿಲ್ಲ. ಕೇಳಿದ್ದರೆ ಬೆನಕಪ್ಪ ಏನಾದರೊಂದು ಹೇಳಿ ಹಗುರಾಗುತ್ತಿದ್ದ. ಕೇಳದೇ ಇದ್ದದ್ದರಿಂದ ಅವತ್ತು ಊಟದ ಡಬ್ಬಿಯನ್ನು ತೆರೆಯದೆ ಮನೆಗೆ ಒಯ್ದ.

ಗುರುವಾರ ಸಂಜೆ ಅವನ ಮನೆಯಲ್ಲಿ ತಾಲೀಮು. ಶಿವಬಸಮ್ಮನೇ ನನ್ನನ್ನು ಕರೆಸಿದ್ದರು. ಬೆನಕಪ್ಪ ಸ್ಟೂಲಿನ ಪಕ್ಕದಲ್ಲಿ, ನೆಲದ ಮೇಲೆಯೇ ನಿಂತು ‘ಅಮೃತಾ’ ಎಂದು ಹೇಳಿ ನೋಡುತ್ತಿದ್ದ. ಹೇಳಿದಾಗಲೆಲ್ಲ ಬಿಕ್ಕಳಿಕೆ ಬರುತ್ತಿತ್ತು. ಸಕ್ಕರೆ ತಿನ್ನಿಸಿದರು, ನೀರು ಕುಡಿಸಿದರು, ನಾಗಕ್ಕ ಹಿಂದಿನಿಂದ ಬಂದು ಬೆನ್ನಿಗೆ ಗುದ್ದಿದಳು. ಬಿಕ್ಕಳಿಕೆ ನಿಲ್ಲಲಿಲ್ಲ. ಕೊನೆಗೆ ಶಿವಬಸಮ್ಮ ಹೇಳಿದರು, “ಆಕಿಗೆ ಮಾತು ಕೊಟ್ಟೋರು ನೀವ. ಬಾಯಿಗೆ ಗೊತ್ತೈತಿ, ನಿಮಗ ಗೊತ್ತಿಲ್ಲ.” ಬೆನಕಪ್ಪ ಸ್ಟೂಲಿನ ಮೇಲೆ ತಲೆಯಿಟ್ಟು ಅತ್ತ. ನಾನು ಚಹಾ ಕುಡಿದು ಎದ್ದು ಬಂದೆ.

ಶುಕ್ರವಾರ ಮೂರು ಗಂಟೆಗೆ ಹಾಲ್‌ನಲ್ಲಿ ಸಿಬ್ಬಂದಿ ಅಷ್ಟೂ ಸೇರಿತು. ಅಧ್ಯಾಪಕರು ಸಹ ತರಗತಿ ಬಿಟ್ಟು ಬಂದಿದ್ದರು. ಅವರಿಗೆ ತರಗತಿ ಬಿಡಲು ಇಷ್ಟು ದೊಡ್ಡ ಕಾರಣ ಬೇಕಿರಲಿಲ್ಲ, ಆದರೂ ಸಿಕ್ಕಿತ್ತು. ಗಾದೆಪ್ಪ ಈ ಸಲ ಪರದೆ ಒಪ್ಪದೆ ಮನೆಯಿಂದ ಕರಿಯ ಕಂಬಳಿ ತಂದಿದ್ದ. ಒಂದು ತುದಿ ಅವನ ಕೈಯಲ್ಲಿ, ಒಂದು ನನ್ನ ಕೈಯಲ್ಲಿ. ಅಮೃತಾ ಗೋಡೆಗೆ ಒರಗಿ ನಿಂತಿದ್ದಳು. ನಡುವಿನ ಕುರ್ಚಿಯ ಸುತ್ತ, ಯಾರೂ ಹೇಳದಿದ್ದರೂ, ಒಂದು ಮಾರು ಜಾಗ ಖಾಲಿ ಬಿಟ್ಟಿದ್ದರು. ಸಾಹೇಬರು ಕೈಕಟ್ಟಿ ನಿಂತು, ಇದೊಂದು ಸಾಂಸ್ಕೃತಿಕ ಕಾರ್ಯಕ್ರಮ ಎಂದು ಪ್ರಾಸ್ತಾವಿಕವಾಗಿ ಮಾತಾಡಿದರು.

ಬೆನಕಪ್ಪ ಏರಿದ. ಅಷ್ಟರಲ್ಲಿ ಕರೆಂಟು ಹೋಯಿತು. ಅದು ನಿತ್ಯ ಹೋಗುವುದೇ, ಆದರೆ ಫ್ಯಾನಿನ ರೆಕ್ಕೆಗಳು ನಿಂತ ಮೇಲೆ ನಮ್ಮೆಲ್ಲರ ಉಸಿರು ನಮಗೇ ಕೇಳಿಸತೊಡಗಿತು.

“ಸದ್ದಲೇ.”

ಹೊರಗೆ ಬೇವಿನ ಮರದಲ್ಲಿ ಕೂಗುತ್ತಿದ್ದ ಕಾಗೆ ಕೂಗು ನಿಲ್ಲಿಸಿತು. ರಸ್ತೆಯಲ್ಲಿ ಟಂಟಂ ಗಾಡಿಯ ಸದ್ದು ಎಲ್ಲಿತ್ತೋ ಅಲ್ಲೇ ಅಡಗಿತು. ಬೆನಕಪ್ಪನ ತುಟಿಗಳು ‘ಅ’ ಎಂಬ ಆಕಾರಕ್ಕೆ ಬಂದವು. ಬಿಕ್ಕಳಿಕೆ ಬರುತ್ತದೆಂದು ನಾನು ಕಾದೆ. ಬಿಕ್ಕಳಿಕೆ ಬರಲಿಲ್ಲ. ತುಟಿಗಳು ಮುಚ್ಚಿದವು. ಕಣ್ಣು ನೆಟ್ಟವು. ಮೊದಲ ದಿನ ಕೇಳಿದ ಧ್ವನಿ ಮತ್ತೆ ಬಂತು.

“ಕಾದಾಕಿ ಕುಂತಾಳಲೇ ಪರಾಕ್.”

ಎಲ್ಲರೂ ಕುರ್ಚಿಯ ಕಡೆ ತಿರುಗಿದೆವು. ಕುರ್ಚಿಯಲ್ಲಿ ಒಬ್ಬಳು ಕುಳಿತಿದ್ದಳು.

ನೆಟ್ಟಗೆ ಕುಳಿತಿದ್ದಳು, ತೊಡೆಯ ಮೇಲೆ ಎರಡೂ ಕೈ ಇಟ್ಟುಕೊಂಡು, ಹೆಸರು ಕರೆಯುವುದನ್ನು ಕಾಯುವವರ ಹಾಗೆ ಬಾಗಿಲ ಕಡೆ ನೋಡುತ್ತ. ಯಾವಾಗ ಬಂದಳು, ಯಾವ ಕಡೆಯಿಂದ ಬಂದಳು, ಯಾರೂ ನೋಡಲಿಲ್ಲ. ಆ ಗಾಬರಿಯಲ್ಲಿ ಬೆನಕಪ್ಪ ಬೀಳುತ್ತಿದ್ದಾನೆಂಬುದು ನನಗೂ ಗಾದೆಪ್ಪನಿಗೂ ಮರೆತೇ ಹೋಗಿತ್ತು. ಕಂಬಳಿಯ ಪುಣ್ಯ, ಅದಾಗಿಯೇ ಬಿಗಿಯಾಯಿತು. ಅವನು ಅದರಲ್ಲಿ ಬಿದ್ದು, ಹೇಳಿದೆನಾ, ಅಮೃತಾ ಅಂದೆನಾ ಎಂದು ನನ್ನ ಅಂಗಿ ಹಿಡಿದು ಕೇಳುತ್ತಿದ್ದ. ನಾನು ತಲೆಯೆತ್ತಿ ಮತ್ತೆ ನೋಡಿದಾಗ ಕುರ್ಚಿ ಬರಿದಾಗಿತ್ತು.

ಪ್ರಿಯಾ ಬಂದಿದ್ದಳು ಎಂದು ಮೊದಲು ಹೇಳಿದವರು ಸಾಹೇಬರು. ಹೌದು ಹೌದು ಎಂದರು ಎಲ್ಲರೂ, ಒಳಗೊಳಗೆ ಒಂದು ಕಾರಣ ಸಿಕ್ಕಿತಲ್ಲ ಎಂದು. ಅವಳು ಆಸ್ಪತ್ರೆಯಲ್ಲಿದ್ದಾಳೆಂದು ಕೇಳಿದ್ದ ನಾನೂ ತಲೆಯಾಡಿಸಿದೆ. ನೀರು ಕುಡಿಯಲು ಹೋಗಿರಬೇಕು ಎಂದ ಒಬ್ಬ. ಸಾಹೇಬರು ಅವಳು ನೀರು ಕುಡಿದು ಬರುವವರೆಗೆ ಕಾಯಲಿಲ್ಲ. ಬೆನಕಪ್ಪನ ಮೇಜಿನಿಂದ ಅರ್ಜಿಯನ್ನು ತಾವೇ ಹುಡುಕಿ ತೆಗೆದರು. ಆದೇಶವನ್ನು ನಿಂತುಕೊಂಡೇ ಬರೆಸಿ, ನಿಂತುಕೊಂಡೇ ಸಹಿ ಹಾಕಿದರು. ಸಹಿ ಅವರ ಎಂದಿನ ಸಹಿಯ ಹಾಗಿರಲಿಲ್ಲ, ಬ್ಯಾಂಕಿನವರಾಗಿದ್ದರೆ ತಿರುಗಿ ಕಳಿಸುತ್ತಿದ್ದರು. ಅಮೃತಾ ಚಿಕ್ಕಪ್ಪನ ಪೆನ್ನಿನ ಮುಚ್ಚಳ ಹಿಡಿದುಕೊಂಡು, ತನಗೆ ಬಿ.ಎಡ್. ಮಾಡುವ ಆಸೆ ಮೊದಲಿನಿಂದಲೂ ಇತ್ತು ಎಂದಳು.

ಶನಿವಾರ ಬೆಳಿಗ್ಗೆ ಮಾರೆಮ್ಮ ಬಂದಳು. ಬೆನಕಪ್ಪ ಓಡಿಹೋಗಿ ಆದೇಶವನ್ನು ಅವಳ ಕೈಯಲ್ಲಿಟ್ಟ. ಅವಳು ಅದನ್ನು ಹಣೆಗೆ ಒತ್ತಿಕೊಂಡು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ, ಮಗಳು ನಿನ್ನೆ ಬಂದು ಹೇಳದೇ ಹೋದದ್ದೇಕೆ ಎಂದು ಗಾದೆಪ್ಪ ಕೇಳಿದ.

ಮಾರೆಮ್ಮ ಅವನ ಮುಖ ನೋಡಿದಳು. “ಎಲ್ಲಿಂದ ಬರ್ತಾಳಪ್ಪ? ನಿನ್ನಿ ಹೊತ್ತು ಮುಣುಗೋತನ ಬಾಟ್ಲಿ ಏರ್ಸಿದ್ರು. ನನ್ನ ಕೈ ಹಿಡಕಂಡು ಮಕ್ಕಂಡಿದ್ಲು.”

ಆಮೇಲೆ ಗಾದೆಪ್ಪ ಮೆಲ್ಲಗೆ, ತಾನು ನೋಡಿದವಳು ಹಸಿರು ಸೀರೆ ಉಟ್ಟಿದ್ದಳು ಎಂದ. ಹಸಿರಲ್ಲ, ಲಂಗ ದಾವಣಿ, ಎರಡು ಜಡೆ ಹಾಕಿದ್ದಳು ಎಂದಳು ಅಮೃತಾ. ಒಬ್ಬ ಅಧ್ಯಾಪಕರು, ಬಗಲಲ್ಲಿ ಕೂಸಿತ್ತಲ್ಲವೇ ಎಂದು ಕೇಳಿದರು. ಸಾಹೇಬರು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ತಾವು ಕಂಡದ್ದನ್ನು ಹೇಳಲಿಲ್ಲ. ಒಳಗೆ ಹೋಗಿ ಉಳಿದ ಖಾಲಿ ಹುದ್ದೆಗಳ ಫೈಲುಗಳನ್ನೆಲ್ಲ ಕಳಿಸಿರಿ ಎಂದು ಹೇಳಿದರು. ನಾನು ಕಂಡವಳಿಗೆ ನರೆಗೂದಲು ಬಂದಿತ್ತು. ಕೇಂದ್ರ ಶುರುವಾದ ವರ್ಷ ವರಾಂಡದ ಬೆಂಚಿನ ಮೇಲೆ ಕುಳಿತಿದ್ದಾಗ ಅವಳ ಕೂದಲು ಕಪ್ಪಗಿತ್ತು. ಹೆಸರು ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ.

ಹೆದರಿಕೆ ಎಷ್ಟೇ ಇದ್ದರೂ ಕಚೇರಿ ಕಚೇರಿಯೇ. ಪ್ರಿಯಾ ಕೆಲಸಕ್ಕೆ ಹಾಜರಾದ ದಿನ ಯಾವುದು ಎಂಬ ಪ್ರಶ್ನೆ ಎದ್ದಿತು. ಶುಕ್ರವಾರ ಮೂರು ಗಂಟೆಗೆ ಇಡೀ ಸಿಬ್ಬಂದಿ ಕುರ್ಚಿಯಲ್ಲಿ ಒಬ್ಬಳನ್ನು ನೋಡಿದೆ, ಹಾಜರಿ ಹಾಕದಿದ್ದರೆ ಮುಂದೆ ಸೇವೆಗೆ ತೊಂದರೆ ಬರಬಹುದು ಎಂದು ಬೆನಕಪ್ಪ ವಾದಿಸಿದ. ಕುಳಿತವಳು ಪ್ರಿಯಾ ಅಲ್ಲವಲ್ಲ ಎಂದೆ ನಾನು. ಹಾಗಾದರೆ ಯಾರ ಹೆಸರಿನಲ್ಲಿ ಹಾಕಲಿ ಎಂದು ಅವನು ಕೇಳಿದ. ಮೈಸೂರಿನ ತರಬೇತಿಯಲ್ಲಿ ಇದರ ಬಗ್ಗೆ ಏನಾದರೂ ಹೇಳಿಕೊಟ್ಟರೇ ಎಂದೆ. ಅವನು ಕನ್ನಡಕವನ್ನು ಹಣೆಗೇರಿಸಿ, ಆ ದಿನ ಮಧ್ಯಾಹ್ನ ತಾನು ನಿದ್ದೆ ಮಾಡಿದ್ದೆ ಎಂದ.

ಜ್ವರ ಬಿಟ್ಟು ಪ್ರಿಯಾ ಬರಲು ಒಂದು ವಾರ ಹಿಡಿಯಿತು. ಇನ್ನೂ ಬಡವಾಗಿದ್ದಳು, ಮುಂಗೈಯಲ್ಲಿ ಸೂಜಿ ಚುಚ್ಚಿದ ಕಲೆ ಇತ್ತು. ಮಾರೆಮ್ಮ ಕಸಬರಿಗೆ ಹಿಡಿದು ಬಾಗಿಲ ಹೊರಗೇ ನಿಂತಳು, ಕರೆದರೂ ಒಳಗೆ ಬರಲಿಲ್ಲ. ನಾವೆಲ್ಲ ಕೆಲಸ ಮಾಡುತ್ತಿರುವಂತೆ ತಲೆ ತಗ್ಗಿಸಿ ಓರೆಗಣ್ಣಿನಿಂದ ನೋಡುತ್ತಿದ್ದೆವು. ಪ್ರಿಯಾ ಚಪ್ಪಲಿಯನ್ನು ಮೇಜಿನ ಬದಿಗೆ ಬಿಟ್ಟು, ಉಕ್ಕಿನ ಕುರ್ಚಿಯನ್ನು ಸ್ವಲ್ಪ ಎಳೆದುಕೊಂಡು ಕುಳಿತಳು. ಏಳಲಿಲ್ಲ. ಆದರೆ ಪೂರ್ತಿ ಕೂರಲೂ ಇಲ್ಲ. ಬಸ್ಸಿನಲ್ಲಿ ಹೆಂಗಸರು ಇನ್ನೊಬ್ಬರಿಗೆಂದು ಸರಿಯುತ್ತಾರಲ್ಲ, ಹಾಗೆ ಒಂದು ಪಕ್ಕಕ್ಕೆ ಸರಿದು, ಅರ್ಧ ಕುರ್ಚಿ ಬಿಟ್ಟು ಕುಳಿತಳು.

ಬೆನಕಪ್ಪನಿಗೆ ತಡೆಯಲಾಗಲಿಲ್ಲ. ಎದ್ದು ಹತ್ತಿರ ಹೋದ. “ಯಾಕವ್ವ, ಈಗ ಕುರ್ಚಿ ನಿಂದು. ತುಂಬ ಕುಂದ್ರು.”

“ಇರ್ಲಿ ಬಿಡ್ರಿ ಸಾರ್,” ಎಂದಳು ಪ್ರಿಯಾ, ಟೈಪ್‌ರೈಟರಿನ ಮುಸುಕು ತೆಗೆಯುತ್ತ. “ನನಗಿಂತ ಮೊದಲ ಬಂದೋರು.”